ಸೌಟು ಹಾಕದ ಪುಲುಸು

...ಇಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಓಬಳಕ್ಕ ಕಣ್ಣು ಮುಚ್ಚಿಕೊಂಡೇ ಮೀನಿನ ಮಡಕೆ ತಿರುಗಿಸುತ್ತಿದ್ದಳು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಹೊಗೆ ತುಂಬಿದ ಆ ಅಡುಗೆಮನೆಯಲ್ಲಿ ಕಣ್ಣುರಿ ತಾಳದೆ ಮುಚ್ಚಿಕೊಂಡವಳು ನಾನೇ ಇರಬೇಕು. ಅವಳ ಕಣ್ಣು ತೆರೆದೇ ಇತ್ತು. ಮಡಕೆಯೊಳಗೆ ಹಾವು ಸುರುಳಿ ಸುತ್ತಿಕೊಂಡಿದೆಯೇನೋ ಎಂಬಂತೆ ನೋಡುತ್ತಿದ್ದಳು. ಎರಡೂ ಕೈಗೆ ಹಳೇ ಸೀರೆಯ ತುಂಡು ಸುತ್ತಿ, ಮಡಕೆಯ ಕಂಠ ಹಿಡಿದು, ಒಲೆಯ ಮೇಲೆಯೇ ಅತ್ತ ಇತ್ತ ಮೆಲ್ಲಗೆ ವಾಲಿಸುತ್ತಿದ್ದಳು. ಸೌಟು ಹಾಕುವಂತಿರಲಿಲ್ಲ. ಹಾಕಿದರೆ ಮೀನು ಒಡೆಯುತ್ತದೆ, ಮುಳ್ಳು ರಸಕ್ಕೆ ಬೀಳುತ್ತದೆ, ಯಾರದೋ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅವರು ಸಾಯುತ್ತಾರೆ. ಓಬಳಕ್ಕನ ಅಡುಗೆಯಲ್ಲಿ ಯಾವ ಕೆಲಸ ತಪ್ಪಿದರೂ ಕೊನೆಗೆ ಯಾರಾದರೊಬ್ಬರು ಸಾಯುತ್ತಿದ್ದರು.

ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯೊಂದರಲ್ಲಿ, ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಎಪ್ಪತ್ತರ ದಶಕದ ಕೊನೆ. ನಮ್ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಓಬಳಕ್ಕನ ತಮ್ಮ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಅವನಿಗೆ ಬೇಯಿಸಿ ಹಾಕಲು ಅವಳು ಪಾವಗಡದಾಚೆಯ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಿಂದ ಬಂದಿದ್ದಳು. ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರುವಳು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ತಲ್ಲಿ" ಅನ್ನುವಳು. ಅವರ ಕಡೆ ಮಗಳ ವಯಸ್ಸಿನವರನ್ನೂ ಹಾಗೆಯೇ, ತಾಯಿ ಎಂದೇ ಕರೆಯುತ್ತಾರೆ.

ಅವಳಿಗೆ ಹೆದರಿಕೆ ಎನ್ನುವುದು ಅಡುಗೆಯ ಒಂದು ಸಾಮಾನಾಗಿತ್ತು, ಉಪ್ಪಿನ ಹಾಗೆ. ಕೆರೆಯಿಂದ ಮೀನು ತರುವಾಗ ಚೀಲದಲ್ಲಿ ಒಂದು ತುಂಡು ಇದ್ದಿಲು ಇರಲೇಬೇಕು, ದಾರಿಯಲ್ಲಿ ಯಾವ ಗಾಳಿಯೂ ಹಿಂದೆ ಬರಬಾರದು. ಮಾರುವವನು ಎಷ್ಟು ಆಣೆ ಪ್ರಮಾಣ ಮಾಡಿದರೂ ಕಿವಿರು ಬಿಡಿಸಿ ನೋಡಿ, ಮೂಸಿ, "ಮದ್ದು ಹಾಕಿ ಹಿಡಿದಿದ್ದಾ? ನಿನ್ನ ಹೆಂಡ್ತಿ ತಿಂತಾಳಾ ಇದನ್ನ?" ಎಂದು ಕೇಳುವಳು. ಅವನು, "ನನ್ ಹೆಂಡ್ತಿ ನಿನ್ನಷ್ಟು ಅನುಮಾನದೋಳಲ್ಲ ಕಣಕ್ಕ" ಎಂದರೆ, "ಅದಕ್ಕೇ ನಿನ್ನ ಕಟ್ಕಂಡಿರಾದು" ಅನ್ನುವಳು. ಹುಣಸೆಹಣ್ಣನ್ನು ನೆನೆಸುವ ಮೊದಲು ಎಳೆ ಎಳೆಯಾಗಿ ಬಿಡಿಸುವಳು, ಹಲ್ಲಿಯ ಮರಿ ಒಣಗಿ ಅಂಟಿಕೊಂಡಿರಬಹುದೆಂದು. ಆಗ ನನಗೆ ನಗು ಬರುತ್ತಿತ್ತು.

"ನಗ್ಬ್ಯಾಡ ತಲ್ಲಿ. ಧೈರ್ಯ ಇರೋರು ಒಲೆ ಮುಂದೆ ಕೂರಬಾರ್ದು. ಭಯ ಇದ್ರೆ ಕೈ ತೊಳೀತೀವಿ, ಮುಚ್ಚಳ ಮುಚ್ತೀವಿ. ಧೈರ್ಯಸ್ತರು ಏನ್ ಮಾಡ್ತಾರೆ? ಹಂಗೇ ಬಡಿಸ್ತಾರೆ."

ಅವಳ ಪುಲುಸು, ಅಂದರೆ ಆ ಹುಳಿ ಮೀನುಸಾರು, ಹೀಗೆ. ಇಡೀ ಈರುಳ್ಳಿಯನ್ನು ಕೆಂಡದಲ್ಲಿ ಹೂತು ಸುಡುವುದು. ಧನಿಯ, ನಾಲ್ಕೇ ಕಾಳು ಮೆಂತ್ಯ, ನಮ್ಮ ಕಡೆಯವರು ಕಣ್ಣಲ್ಲೂ ನೋಡಲಾರದಷ್ಟು ಒಣಮೆಣಸಿನಕಾಯಿ ಹುರಿದು, ಸುಟ್ಟ ಈರುಳ್ಳಿಯ ಜೊತೆ ಒರಳಲ್ಲಿ ರುಬ್ಬುವುದು. ಕಡಲೆಕಾಯಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಕರಿಬೇವು. ಆಮೇಲೆ ಗಟ್ಟಿ ಹುಣಸೆ ರಸ. ಅದು ಕುದಿದು, ಎಣ್ಣೆ ಅಂಚಿಗೆ ಬಂದ ಮೇಲೆ ಉಪ್ಪು ಅರಿಶಿನ ಹಚ್ಚಿಟ್ಟ ಗೆಂಡೆ ಮೀನು. ಕೊನೆಗೆ ಆ ವಾಲಿಸುವ ಕೆಲಸ. ಇಳಿಸಿದ ಮೇಲೆ ಯಾರೂ ಮುಟ್ಟುವಂತಿಲ್ಲ. "ಮೀನು ಇವತ್ತು, ಪುಲುಸು ನಾಳೆ" ಎನ್ನುವುದು ಅವಳ ಮಾತು. ಹುಳಿಯೂ ಖಾರವೂ ಮೀನಿನ ಒಳಕ್ಕೆ ಇಳಿಯಲು ಇಡೀ ರಾತ್ರಿ ಬೇಕು, ಅದೂ ಮಣ್ಣಿನ ಮಡಕೆಯಲ್ಲೇ. ಮರುದಿನ ಮೊದಲ ತುತ್ತು ಅವಳದು. ತಿಂದು, ಬಾಗಿಲ ಬಳಿ ಕೂತು, ಬೀದಿ ನೋಡುತ್ತ ಸ್ವಲ್ಪ ಹೊತ್ತು ಕಾಯುವಳು. ತಮ್ಮ, "ಬಸ್ಸಿಗೆ ಹೊತ್ತಾಯ್ತು, ಇನ್ನೂ ಸತ್ತಿಲ್ವಾ?" ಎಂದು ಒಳಗಿನಿಂದ ಕೂಗುತ್ತಿದ್ದ. ಆಮೇಲೇ ಅವನಿಗೆ ಊಟ.

ಈ ಕಾಯುವಿಕೆಯ ಕಾರಣವನ್ನು ಅವಳು ನನಗೆ ಹೇಳಿದಳು. ಒಂದಕ್ಕಿಂತ ಹೆಚ್ಚು ಸಲ ಹೇಳಿದಳು, ಅದೇ ತೊಂದರೆ. ಒಮ್ಮೆ ಅವಳ ತಂಗಿ, ಇನ್ನೊಮ್ಮೆ ಅಣ್ಣನ ಹೆಂಡತಿ. ಒಮ್ಮೆ ಮಡಕೆ ಬಿರುಕು ಬಿಟ್ಟಿತ್ತು, ಇನ್ನೊಮ್ಮೆ ಮಡಕೆ ಕೇಳಿದರೆ ಯಾರೂ ಕೊಡಲಿಲ್ಲ. ಬದಲಾಗದೆ ಉಳಿದದ್ದು ಇಷ್ಟು: ಆ ಹೆಂಗಸು ಬಸುರಿ, ಪುಲುಸು ಮಾಡಿದವಳು ಓಬಳಕ್ಕ, ಅದು ರಾತ್ರಿಯೆಲ್ಲ ಇದ್ದದ್ದು ಒಳಗಿನ ತವರದ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ. ಹುಣಸೆ ಹುಳಿಗೆ ಹಿತ್ತಾಳೆ ಕಿಲುಬು ಬಿಟ್ಟಿತು. ಬೆಳಿಗ್ಗೆ ತಿಂದವಳು ಸಂಜೆಯ ಹೊತ್ತಿಗೆ ಮಗುವನ್ನೂ ಕಳೆದುಕೊಂಡಳು, ತಾನೂ ಹೋದಳು. ಅದಾದ ಮೇಲೆ ಓಬಳಕ್ಕ ಬಸುರಿಯರಿಗೆ ಕೈಯಾರೆ ಏನನ್ನೂ ಕೊಟ್ಟಿರಲಿಲ್ಲ.

ನಾನು ಆಗ ಬಸುರಿ. ಅದಕ್ಕೆ ಮುಂಚಿನದು ಐದನೇ ತಿಂಗಳಲ್ಲಿ ಹೋಗಿತ್ತು. ಈ ಸಲ ಆರು ದಾಟಿತ್ತು, ಆದರೂ ನಾನು ಮಂಚದಿಂದ ಇಳಿಯುವಾಗಲೂ ಉಸಿರು ಹಿಡಿದೇ ಇಳಿಯುತ್ತಿದ್ದೆ. ಶಿರಾ ಕಡೆಯ ಊರಿನಿಂದ ನಮ್ಮತ್ತೆ ಬಂದು ಜೊತೆಗಿದ್ದರು. ಏನು ತಿಂದರೂ ವಾಂತಿಯಾಗುತ್ತಿದ್ದ ನನಗೆ ಬೇಕೆನಿಸಿದ್ದು ಒಂದೇ, ಗೋಡೆಯಾಚೆಯಿಂದ ಬರುವ ಆ ಹುಳಿ ವಾಸನೆ. ಅತ್ತೆಯೇ ಹೋಗಿ ಕೇಳಿದರು.

"ಬ್ಯಾಡ ಕಣಮ್ಮ. ನಾನು ಮಾಡಾಕಿಲ್ಲ."

"ಬಸುರಿ ಬಯಕೆ ಓಬಳಮ್ಮ. ತೀರಿಸ್ದಿದ್ರೆ ಮಗು ಕಿವಿ ಸೋರ್ತದೆ ಅಂತಾರೆ."

"ಕಿವಿ ಸೋರಿದ್ರೆ ಹತ್ತಿ ಇಡ್ರಿ. ಜೀವ ಸೋರಿದ್ರೆ ಏನಿಡ್ತೀರ?"

"ನಾನೇ ಮಾಡ್ತಿದ್ದೆ. ಅವಳಿಗೆ ನಿಮ್ಮ ಕಡೇದೇ ಬೇಕಂತೆ. ಹುಣಸೆ ಮರ ನೆಕ್ಕಂಡು ಹುಟ್ಟಿರೋರು ನೀವು, ನಮಗೆಲ್ಲಿ ಬರ್ತದೆ?"

"ಹೂಂ, ನಿಮ್ಮ ಸಾರಾಗೆ ಮೀನು ಇನ್ನೂ ಈಜ್ತಾ ಇರ್ತೈತೆ."

ಇಬ್ಬರೂ ನಕ್ಕರಂತೆ. ನಕ್ಕದ್ದರಿಂದಲೇ ಒಪ್ಪಿಕೊಂಡಳೋ ಏನೋ. ಆದರೆ ಷರತ್ತು ಹಾಕಿದಳು: ಅಡುಗೆ ನಮ್ಮ ಮನೆಯಲ್ಲೇ, ನಮ್ಮ ಕಣ್ಣೆದುರಿಗೇ ಆಗಬೇಕು. ಏನೇನು ಬಿತ್ತು ಎಂಬುದಕ್ಕೆ ಅತ್ತೆ ಸಾಕ್ಷಿ. ಮಡಕೆ ಮಾತ್ರ ಅವಳದೇ. ಮಧ್ಯಾಹ್ನ ತಂದಳು, ಸಂಜೆಯೊಳಗೆ ಮಾಡಿದಳು, ಮುಚ್ಚಳದ ಮೇಲೆ ಇದ್ದಿಲ ತುಂಡಿಟ್ಟಳು. "ಬೆಳಿಗ್ಗೆ ನಾನು ಬರೋಗಂಟ ಯಾರೂ ಮುಟ್ಬ್ಯಾಡ್ರಿ" ಎಂದು ಹೋದಳು.

ಮುಂದಿನದನ್ನು ನಾನು ನೋಡಲಿಲ್ಲ, ಮಲಗಿದ್ದೆ. ಅತ್ತೆಗೆ ಓಬಳಕ್ಕನ ಕೈಯಡುಗೆ ತಿನ್ನಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವಳ ಮನೆಯ ಮಣ್ಣಿನ ಮಡಕೆ ನಮ್ಮ ಒಲೆಯ ಮೇಲೆ ರಾತ್ರಿ ಕಳೆಯುವುದು ಅವರಿಂದಾಗಲಿಲ್ಲ. ಮಣ್ಣು ಎಲ್ಲವನ್ನೂ ಕುಡಿದಿರುತ್ತದೆ, ಯಾರು ಯಾರು ಉಂಡದ್ದನ್ನೋ. ಹಿತ್ತಾಳೆಯಾದರೆ ಹುಣಸೆ, ಬೂದಿ ಹಾಕಿ ಉಜ್ಜಿದರೆ ಹೊಸದಾಗುತ್ತದೆ. ಮೀನುಸಾರಿಗೆ ಇಲ್ಲದ ಜಾತಿ ಮಡಕೆಗೆ ಹೇಗೆ ಬಂತೆಂದು ಕೇಳಿದರೆ ಅವರಲ್ಲೂ ಉತ್ತರವಿರಲಿಲ್ಲ. ಇಂಥದ್ದನ್ನು ಒಬ್ಬರ ಮುಖಕ್ಕೆ ಹೇಳುವುದು ಸರಿಯಲ್ಲ ಎಂಬ ಮರ್ಯಾದೆ ಮಾತ್ರ ಇತ್ತು. ಆದ್ದರಿಂದ ಅವಳು ಹೋದ ಮೇಲೆ, ನನ್ನ ತವರಿನವರು ಕೊಟ್ಟಿದ್ದ ಹಿತ್ತಾಳೆ ತಪ್ಪಲೆ ಇಳಿಸಿ, ಮನೆಯಲ್ಲಿದ್ದವುಗಳಲ್ಲೇ ಒಳ್ಳೆಯದನ್ನು ಆರಿಸಿ, ಪುಲುಸನ್ನು ಅದಕ್ಕೆ ಬಗ್ಗಿಸಿದರು. ಹಿತ್ತಾಳೆ ಪಾತ್ರೆಯ ಆ ಹಳೇ ಕಥೆಯನ್ನು ನಾನು ಅವರಿಗೆ ಹೇಳಿರಲಿಲ್ಲ.

ಬೆಳಿಗ್ಗೆ ಅವಳು ಬರುವುದನ್ನು ನಾನು ಕಾಯಲಿಲ್ಲ. ಹೊಟ್ಟೆ ಕಾಯಲಿಲ್ಲ ಎನ್ನಬೇಕು. ಅತ್ತೆ ಬಿಸಿ ಮುದ್ದೆ ಕಟ್ಟಿ ಬಡಿಸಿದರು. ಯಾವ ಪಾತ್ರೆಯಿಂದ ಎಂದು ನಾನು ನೋಡಲಿಲ್ಲ. ಅಷ್ಟು ರುಚಿಯಾದದ್ದನ್ನು ಅದಕ್ಕೆ ಮುಂಚೆ ತಿಂದಿರಲಿಲ್ಲ. ಹುಳಿ ಮೊದಲು ನಾಲಗೆಯ ಬದಿಗೆ, ಆಮೇಲೆ ಖಾರ, ಕೊನೆಗೆ ಎಲ್ಲಿಂದಲೋ ಮೆಂತ್ಯದ ಕಹಿ. ಮುದ್ದೆ ಮುಗಿಸಿ ಕೈ ನೆಕ್ಕುತ್ತಿದ್ದಾಗ ಓಬಳಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಮಡಕೆ ಎಲ್ಲಿ?"

"ತೊಳ್ದು ಹಿತ್ಲಾಗೆ ಬೋರಲು ಹಾಕಿದೀನಿ, ತಗಂಡೋಗು" ಎಂದರು ಅತ್ತೆ.

"ಪುಲುಸು?"

ಅತ್ತೆ ತಪ್ಪಲೆ ತೋರಿಸಿದರು.

"ಯಾವಾಗ ಬಗ್ಗಿಸಿದ್ದು?"

"ನಿನ್ನೇನೇ, ನೀನು ಹೋದ್ಮೇಲೆ."

ಆಗ ಓಬಳಕ್ಕ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು. ನನಗೆ ಯಾವ ಕಿರುಚಾಟವೂ ನೆನಪಿಲ್ಲ. ಅವಳು ಸದ್ದಿಲ್ಲದೆ ಗೋಡೆಗೆ ಒರಗಿ ಜಾರಿ ಕೂತದ್ದು ನೆನಪಿದೆ.

"ಕಲಾಯಿ ಐತಾ ಇದಕ್ಕೆ?"

"ಹಬ್ಬಕ್ಕೆ ಮುಂಚೆ ಹಾಕ್ಸಿದ್ವಲ್ಲ" ಎಂದರು ಅತ್ತೆ. ನನ್ನ ಕಡೆ ತಿರುಗಿದರು. "ಇದಕ್ಕೂ ಹಾಕ್ಸಿದ್ವಲ್ಲೇನೇ?"

ನನಗೆ ತಿಳಿಯದು. ಪಾತ್ರೆಗಳಿಗೆ ಕಲಾಯಿ ಆಗಿತ್ತು, ಈ ಪಾತ್ರೆಗೆ ಆಗಿತ್ತೋ ಇಲ್ಲವೋ. ಮೂವರೂ ಬಗ್ಗಿ ನೋಡಿದೆವು. ಕೆಂಪು ರಸ, ಎಣ್ಣೆ, ಒಂದೆರಡು ತುಂಡು ಮೀನು. ಒಳಮೈ ಕಾಣುತ್ತಿರಲಿಲ್ಲ. ಅಂಚಿನಲ್ಲಿ ಹಸಿರು ಕಾಣುತ್ತದೆ ಎಂದಳು ಓಬಳಕ್ಕ. ಅದು ಕರಿಬೇವು ಎಂದರು ಅತ್ತೆ.

ಆಮೇಲೆ ಅವಳು ತಪ್ಪಲೆಯನ್ನು ಎಳೆದುಕೊಂಡು, ಕೈ ಹಾಕಿ, ಉಳಿದದ್ದನ್ನೆಲ್ಲ ತಿನ್ನತೊಡಗಿದಳು. ಮುಳ್ಳಿಗೆ ಅಷ್ಟು ಹೆದರುತ್ತಿದ್ದವಳು ಮುಳ್ಳನ್ನೂ ಬಿಡಿಸದೆ ಅಗಿಯುತ್ತಿದ್ದಳು.

"ಲೇ ಓಬಳಿ, ಹುಚ್ಚು ಹಿಡೀತೇನೇ ನಿಂಗೆ!" ಅತ್ತೆ ಅವಳ ಕೈ ಹಿಡಿದರು.

"ಬುಡಮ್ಮ. ಇವಳಿಗಿಂತ ಜಾಸ್ತಿ ತಿಂತೀನಿ. ಏನಾದ್ರೂ ಆದ್ರೆ ನಂಗೇ ಮೊದ್ಲು ಆಗ್ತದೆ. ನಂಗೆ ಆಗಿದ್ದು ಕಂಡ ತಕ್ಷಣ ಇವಳನ್ನ ಎತ್ಕಂಡು ಓಡ್ರಿ."

ಅಷ್ಟರವರೆಗೆ ಕಾಯುವ ಧೈರ್ಯ ಯಾರಿಗಿತ್ತು? ನಮ್ಮನೆಯವರಿಗೆ ಹೇಳಿ ಕಳಿಸಿ, ಜಟಕಾದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೊಟ್ಟೆ ಮುಟ್ಟಿ, ನಾಲಗೆ ನೋಡಿ, ಸಂಜೆಯವರೆಗೆ ಎಚ್ಚರವಾಗಿರಿ, ನೋವು ಬಂದರೆ ತಕ್ಷಣ ಕರೆತನ್ನಿ ಎಂದು ಕಳಿಸಿದರು. ಮನೆಗೆ ಬಂದಾಗ ಓಬಳಕ್ಕ ನಮ್ಮ ಜಗುಲಿಯಲ್ಲೇ ಕೂತಿದ್ದಳು.

ಆ ಮಧ್ಯಾಹ್ನ ನಾನೂ ಅವಳೂ ಎದುರುಬದುರು ಕೂತು ಕಳೆದೆವು. ಅವಳು ನನ್ನ ಹೊಟ್ಟೆಯನ್ನು ನೋಡುತ್ತಿದ್ದಳು, ನಾನು ಅವಳ ಮುಖವನ್ನು. ಅವಳು ಹಣೆ ಒರೆಸಿಕೊಂಡರೆ ನನಗೆ ಬೆವರು. ನಾನು ಸೊಂಟ ಸರಿಮಾಡಿಕೊಂಡರೆ ಅವಳು ಅರ್ಧ ಎದ್ದು ನಿಲ್ಲುವಳು. ಬೆಳಗಿನಿಂದ ಮಗು ಒದ್ದಿರಲಿಲ್ಲ. ದಿನವೂ ಈ ಹೊತ್ತಿಗೆ ಒದೆಯುತ್ತಿತ್ತೇ? ಎಷ್ಟು ಯೋಚಿಸಿದರೂ ಹಿಂದಿನ ದಿನದ್ದು ನೆನಪಾಗಲಿಲ್ಲ. ಬೆಟ್ಟದ ನೆರಳು ಬೀದಿ ದಾಟಿ ನಮ್ಮ ಜಗುಲಿಗೆ ಬಂತು. ಅವಳು ಎದ್ದು ಹಿತ್ತಲಿಗೆ ಹೋದಳು. ನೀರಿನ ಸದ್ದು ಕೇಳಿಸಿತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದಳು.

"ಏನಾಯ್ತು ಓಬಳಕ್ಕ?"

"ಏನಿಲ್ಲ ತಲ್ಲಿ. ಬಾಯಿ ತೊಳ್ದೆ."

ವಾಂತಿ ಮಾಡಿದಳು ಎಂದರು ಅತ್ತೆ. ಮಾಡಿದ್ದರೆ ಅದು ಕಿಲುಬಿನಿಂದಲೋ, ಅಷ್ಟು ತಿಂದದ್ದರಿಂದಲೋ, ಬರೀ ಹೆದರಿಕೆಯಿಂದಲೋ. ನಮ್ಮನೆಯವರು ಮತ್ತೆ ಜಟಕಾ ತರಲು ಓಡಿದರು. ಅವರು ಬರುವಷ್ಟರಲ್ಲಿ ಓಬಳಕ್ಕ ಜಗುಲಿ ಇಳಿದು, ನನ್ನ ಕಡೆ ನೋಡದೆ, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಟಕಾ ಬಾಗಿಲಲ್ಲಿ ನಿಂತು, ನಾನು ಒಂದು ಕಾಲು ಮೇಲಿಟ್ಟಾಗ ಮಗು ಒದೆಯಿತು. ಮತ್ತೊಮ್ಮೆ, ಜೋರಾಗಿ. ನಾನು ಅಲ್ಲೇ ಅತ್ತುಬಿಟ್ಟೆ. ಅತ್ತೆ ಓಡಿಹೋಗಿ ಅವಳ ಬಾಗಿಲು ಬಡಿದರು. "ಒದೀತು ಕಣೇ, ತೆಗಿಯೇ!" ಬಾಗಿಲು ತೆರೆಯಲಿಲ್ಲ. ನಿದ್ದೆ ಹೋಗಿರಬೇಕು, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆವು. ಬೆಳಿಗ್ಗೆ ಬೀಗ ಹಾಕಿತ್ತು. ತಮ್ಮನ ಬಸ್ಸಿನಲ್ಲೇ ಊರಿಗೆ ಹೋಗಿದ್ದಳು.

ಅಷ್ಟರಲ್ಲಿ ಅತ್ತೆ ತಪ್ಪಲೆಯನ್ನು ಹುಣಸೆಯಲ್ಲಿ ತಿಕ್ಕಿ ತಿಕ್ಕಿ ಚಿನ್ನದಂತೆ ಹೊಳೆಯಿಸಿದ್ದರು. ಮುಂದೆ ಶಿರಾ ಕಡೆಯ ಕಲಾಯಿ ಸಾಬರು ಬೀದಿಗೆ ಬಂದಾಗ ತೋರಿಸಿದೆ. ಅವರು ಬೆಳಕಿಗೆ ಹಿಡಿದು, "ಕಲಾಯಿ ಇತ್ತು ಬೇಟಿ, ಈಗ ಇಲ್ಲ. ಯಾವಾಗ ಹೋಯ್ತೂಂತ ಪಾತ್ರೆ ಹೇಳ್ತದಾ?" ಎಂದರು.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ಬಂದವಳು ಮಗುವನ್ನು ಎತ್ತಿಕೊಂಡು ಓಬಳಕ್ಕನ ತಮ್ಮನ ಬಾಗಿಲಿಗೆ ಹೋದೆ. ಅವನು ಸಾಮಾನು ಕಟ್ಟುತ್ತಿದ್ದ, ಬೇರೆ ರೂಟು ಸಿಕ್ಕಿತ್ತಂತೆ.

"ಅಕ್ಕ ಹೆಂಗಿದಾರೆ?"

"ಅದಾಳೆ."

"ಮಗು ಚೆನ್ನಾಗಿದೆ ಅಂತ ಹೇಳಿ. ತೋರಿಸಬೇಕಿತ್ತು ಅಂದೆ ಅಂತ ಹೇಳಿ."

"ಹೇಳ್ತೀನಿ ಬುಡಮ್ಮ" ಎಂದು ಹಗ್ಗ ಬಿಗಿಯತೊಡಗಿದ.

ಎಂಬತ್ತರ ದಶಕದಲ್ಲಿ ಒಮ್ಮೆ ಮದುವೆಗೆಂದು ಪಾವಗಡಕ್ಕೆ ಹೋದಾಗ ಬಸ್ ನಿಲ್ದಾಣದಲ್ಲಿ ವಿಚಾರಿಸಿದೆ. ನನ್ನಲ್ಲಿ ಅವಳ ಹೆಸರಿತ್ತು, ಊರಿನ ಹೆಸರು ಅರ್ಧ ಇತ್ತು. ಆ ಕಡೆ ಓಬಳಮ್ಮ ಎನ್ನುವವರು ಊರಿಗೆ ಹತ್ತು ಜನ ಎಂದು ಬೀಡಿ ಸೇದುತ್ತಿದ್ದ ಮುದುಕರೊಬ್ಬರು ನಕ್ಕರು.

ಅವಳ ತಮ್ಮ ಹೇಳಿದನೋ ಇಲ್ಲವೋ. "ಅದಾಳೆ" ಅಂದದ್ದಾದರೂ ನಿಜವೋ, ನನ್ನ ತೋಳಲ್ಲಿ ಮಗು ಇತ್ತೆಂದು ಹಾಗೆ ಅಂದನೋ. ನಾನೂ ಮಗಳೂ ಬದುಕಿದ್ದೇವೆ ಎಂಬುದು ಓಬಳಕ್ಕನಿಗೆ ತಿಳಿಯಿತೇ ಎಂಬುದು ನನಗೆ ಗೊತ್ತಿಲ್ಲ.