ಬಹರೇನಿನ ಕೋಟು

ಇಂಡಿ ಊರಿನ ರಸೂಲಸಾಬ ಒಣನಿಂಬೆಯ ವ್ಯಾಪಾರಿ. ಬಿಸಿಲಿಗೆ ಕಪ್ಪಗಾದ ಆ ಕಾಯನ್ನು ಅರಬರು ಅಡುಗೆಗೆ ಹಾಕುತ್ತಾರೆಂದು ಕೇಳಿ, ೧೯೫೮ರಲ್ಲಿ ಮುಂಬೈಯಿಂದ ಬಹರೇನಿಗೆ ಹಡಗು ಹತ್ತಿದ. ಹತ್ತುವ ಮುಂಚೆ ಬಂದರಿನಲ್ಲಿ ಹಿರಿಯ ದಲಾಲ ಫಕೀರಸಾಬ ಬುದ್ಧಿ ಹೇಳಿದ್ದ:

“ಎಡಗೈಲೆ ಏನೂ ಕೊಡಬ್ಯಾಡ. ಹೋದಕೂಡ್ಲೆ ದರದ ಮಾತು ತಗೀಬ್ಯಾಡ. ಹೆಣ್ಮಕ್ಕಳ ಸುದ್ದಿ ಕೇಳಬ್ಯಾಡ. ಕಾಫಿ ಸಾಕಾದ್ರ ಬಟ್ಟಲ ಅಲ್ಲಾಡ್ಸು, ಇಲ್ಲಾಂದ್ರ ಸುರಕೋತನ ಇರ್ತಾರ. ಮತ್ತ ಅವರ ಮನ್ಯಾಗಿನ ವಸ್ತು ಹೊಗಳಬ್ಯಾಡ. ಹೊಗಳಿದ್ರ ಕೊಟ್ಟಬಿಡ್ತಾರ.”

ಬಹರೇನಿನ ಸಾಲೇಹ ಸೇಠ ಹಿಂದೆ ಮುಂಬೈಯಲ್ಲಿದ್ದು ಹಿಂದೂಸ್ತಾನಿ ಕಲಿತವನು. ಕಾಫಿ ಆಯಿತು, ವ್ಯವಹಾರ ಕುದುರಿತು. ಆ ಖುಷಿಯಲ್ಲಿ ರಸೂಲಸಾಬ ಒಳಬಾಗಿಲ ಪಕ್ಕದ ಗೂಟಕ್ಕೆ ಹಾಕಿದ್ದ ಉಣ್ಣೆಯ ಕೋಟು ನೋಡಿ, “ಎಂಥಾ ಚಂದದ ಕೋಟು!” ಅಂದುಬಿಟ್ಟ.

ಸೇಠನ ಮುಖ ಬಿಳಿಚಿಕೊಂಡಿತು. ಎದ್ದು, ಕೋಟು ಇಳಿಸಿ ಮಡಚಿ ಮುಂದೆ ಹಿಡಿದ. ರಸೂಲಸಾಬ ಬೇಡವೇ ಬೇಡವೆಂದ.

“ಅತಿಥಿ ಮೆಚ್ಚಿದ್ದನ್ನು ಇಟ್ಟುಕೊಳ್ಳುವ ಮನೆ ನಮ್ಮದಲ್ಲ,” ಎಂದ ಸೇಠ.

ಪರದೆಯ ಹಿಂದೆ ಹೆಂಗಸೊಬ್ಬಳು ಬಿಕ್ಕಿದ ಸದ್ದು ಬಂತು. ಅರ್ಧಕ್ಕೇ ನಿಂತಿತು, ಯಾರೋ ಬಾಯಿ ಒತ್ತಿ ಹಿಡಿದಂತೆ.

ಮರಳುವ ದಿನ ಹಡಗಿಗೆ ಸಾಮಾನು ತಂದ ಸೇಠನ ಗುಮಾಸ್ತ ಹೋಗುವ ಮುಂಚೆ ಹೇಳಿದ: ಅದು ಸೇಠನ ಒಬ್ಬನೇ ಮಗನ ಕೋಟು. ಸಮುದ್ರಕ್ಕೆ ಹೋದವನು ಹೆಣವಾಗಿಯೂ ಮರಳಲಿಲ್ಲ. ತಾಯಿ ದಿನವೂ ಆ ಕೋಟಿಗೆ ಮುಖ ಒತ್ತಿ ನಿಲ್ಲುತ್ತಾಳೆ. ರಸೂಲಸಾಬ ಕೋಟು ಹಿಡಿದು ಓಡುವಷ್ಟರಲ್ಲಿ ಏಣಿ ತೆಗೆದಿದ್ದರು.

ಊರಲ್ಲಿ ಅದನ್ನು ತೊಡುವ ಧೈರ್ಯವಾಗದೆ ನಿಂಬೆ ತುಂಬಿದ ಕೋಣೆಯಲ್ಲಿ ತೂಗುಹಾಕಿದ. ಗಾಳಿಯಿಲ್ಲದ ಮಧ್ಯಾಹ್ನವೂ ತೋಳು ಅಲುಗಿದಂತಾಗುತ್ತಿತ್ತು. ಊಟಕ್ಕೆ ಕೂತರೆ ಗೋಡೆಯಾಚೆ ಅದೇ ಅರ್ಧ ಬಿಕ್ಕು.

“ಆ ಖೋಲ್ಯಾಗ ಯಾರೋ ನಿಂತಂಗ ಆಗತೈತ್ರಿ. ನಾ ಕಸಾ ಹೊಡ್ಯಾಕ ಹೋಗೂದಿಲ್ಲ,” ಎಂದಳು ಹೆಂಡತಿ ಜೋಹರಾಬಿ.

“ಯಾರೂ ಇಲ್ಲ.”

“ಮತ್ತ ಒಳಗ ಹೋಗೂಮುಂದ ನೀವ್ಯಾರಿಗಿ ಸಲಾಮ ಅಂತೀರಿ?”

ತಾನು ಹಾಗೆ ಅನ್ನುತ್ತಿದ್ದುದು ಅವನಿಗೆ ಗೊತ್ತೇ ಇರಲಿಲ್ಲ.

ಕೊಟ್ಟದ್ದನ್ನು ಹಿಂದಿರುಗಿಸಿದರೆ ಅವಮಾನವೆಂದು ಫಕೀರಸಾಬ ತಡೆದ. ಮರುವರ್ಷ ರಸೂಲಸಾಬ ಕೇಳದೆ ಹೋದ. “ಇದು ತಾಯಿಗೆ ನನ್ನ ಕಾಣಿಕೆ,” ಎಂದು ಸೇಠನ ಮುಂದಿಟ್ಟ. ಪರದೆ ಸರಿಸಿ ಮುದುಕಿ ತಾನೇ ಹೊರಬಂದಳು. ಕೋಟಿನಲ್ಲಿ ಮುಖ ಹುದುಗಿಸಿದಳು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ರಸೂಲಸಾಬನನ್ನೇ ನೋಡಿ ಅರಬಿಯಲ್ಲಿ ಒಂದು ಮಾತು ಅಂದಳು.

“ಏನಂದ್ರು?”

“ನಿಂಬೆ, ಅಂದಳು,” ಎಂದ ಸೇಠ. ವರ್ಷಪೂರ್ತಿ ಆ ಕೋಣೆಯಲ್ಲಿದ್ದ ಬಟ್ಟೆಯಲ್ಲಿ ಮಗನ ಮೈವಾಸನೆ ಉಳಿದಿರಲಿಲ್ಲ.

ರಸೂಲಸಾಬ ಮತ್ತೆ ಸಮುದ್ರ ದಾಟಲಿಲ್ಲ. ಇಂಡಿ ಹತ್ತಿರದ ತಾಂಬಾದಲ್ಲಿ ಜೋಳದ ವ್ಯಾಪಾರ ಹಿಡಿದ. ಯಾರ ಎತ್ತನ್ನೂ, ಯಾರ ಕೂಸನ್ನೂ ಚೆನ್ನಾಗಿದೆ ಅನ್ನದ ಅವನನ್ನು ಜನ ಸೊಕ್ಕಿನವನೆಂದರು. ಮಗಳು ಅಬಿದಾ ಮದುವೆಯ ಸೀರೆಯುಟ್ಟು ಬಂದು, “ಹ್ಯಾಂಗ ಕಾಣಸ್ತೇನಿ, ಅಬ್ಬಾ?” ಎಂದಾಗಲೂ ಅವನು ನೆಲ ನೋಡುತ್ತ, “ಹೊತ್ತಾತು, ನಡಿಯವಾ,” ಎಂದನಷ್ಟೆ.