ನಾಲ್ಕನೆಯ ಮಡಿಕೆ

ನಮ್ಮ ಟೈಲರ್ ತಾತನ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ಮಿಷಿನ್ ಸೂಜಿ ಅದನ್ನು ತೂರಿಕೊಂಡು ಹೋಗಿತ್ತಂತೆ. ಕೇಳಿದರೆ, "ಬರೀ ಬಟ್ಟೆ ತಿಂದೂ ತಿಂದೂ ಸೂಜಿಗೂ ಬೇಜಾರಾಗಿತ್ತು ಕಣಮ್ಮ" ಎನ್ನುತ್ತಿದ್ದರು. ಸಿದ್ಧಾರ್ಥನಗರದಲ್ಲಿ ನಮ್ಮ ಎದುರುಮನೆಯ ಗ್ಯಾರೇಜೇ ಅವರ ಅಂಗಡಿ. ಮದುವೆಮನೆಗೆ ಹೋದರೂ ಕೊರಳಲ್ಲಿ ಅಳತೆ ಟೇಪು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಮಡಿಕೆ ಇಡದವನು ಟೈಲರೇ ಅಲ್ಲ ಎಂಬುದು ಅವರ ಹಟ. ಹಾಗಾಗಿ ನಮ್ಮ ಬೀದಿಯ ಮಕ್ಕಳ ಲಂಗ, ಚಡ್ಡಿಗಳೆಲ್ಲ ಅಂಚಿನಲ್ಲಿ ದಪ್ಪಗೆ ಊದಿಕೊಂಡಿರುತ್ತಿದ್ದವು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗಡಿಯಲ್ಲಿ ಯುದ್ಧ ಶುರುವಾಯಿತು. ಸೈನ್ಯದಲ್ಲಿದ್ದ ಅಪ್ಪ ರಜೆಗೆಂದು ಬಂದವರು ವಾರಕ್ಕೇ ಹಿಂದಿರುಗಬೇಕಾಯಿತು. ಆ ವಾರವೆಲ್ಲ ನನ್ನ ಪುಟ್ಟ ತಮ್ಮ ಅವರ ಗುರುತು ಸಿಗದೆ, ಎತ್ತಿಕೊಂಡರೆ ಕಿರುಚುತ್ತಿದ್ದ. ಅಪ್ಪನ ಮುಖ ಸಣ್ಣಗಾಗಿದ್ದನ್ನು ನಾನು ನೋಡಿದ್ದೆ. ಮುಂದಿನ ಸಲ ಅಪ್ಪನಿಗೇ ನನ್ನ ಗುರುತು ಸಿಗದಿದ್ದರೆ? ಅವರು ಬರುವವರೆಗೆ ಬೆಳೆಯಲೇಬಾರದು ಎಂದು ತೀರ್ಮಾನಿಸಿದೆ. ಅಮ್ಮ ಟಿವಿ ವಾರ್ತೆಯಿಂದ ಕಣ್ಣು ಕೀಳದೆ ಕೂತಿರುವಾಗ ನನ್ನ ತಟ್ಟೆಯ ಮುದ್ದೆ ಬೀದಿನಾಯಿಗೆ ಹೋಗುತ್ತಿತ್ತು.

ಹೊಸ ಯೂನಿಫಾರಂಗೆ ಅಳತೆ ತೆಗೆಯುವಾಗ ತಾತ ಹಿಡಿದುಬಿಟ್ಟರು. "ಏನವ್ವಾ, ಸೊಂಟ ಹೋದ್ವರ್ಷಕ್ಕಿಂತ ಕಮ್ಮಿ ಆಗ್ಬುಟ್ಟಿದೆ?"

ಬಿಕ್ಕುತ್ತಾ ಎಲ್ಲ ಹೇಳಿದೆ. ಅವರು ನಗಲಿಲ್ಲ. ನನ್ನ ಲಂಗಕ್ಕೆ ಒಂದರ ಮೇಲೊಂದು ನಾಲ್ಕು ಮಡಿಕೆ ಹಾಕಿ ಹೊಲಿದರು.

"ನೀನು ಉಣ್ಣು, ಬೆಳಿ. ಉದ್ದ ಆದಂಗೆಲ್ಲ ಒಂದೊಂದೇ ಬಿಚ್ತೀನಿ. ಬಿಚ್ಚಿದ ಕಡೆ ಗೆರೆ ಉಳ್ಕೊಳ್ಳುತ್ತೆ, ಎಷ್ಟು ಒಗೆದ್ರೂ ಹೋಗಲ್ಲ. ನಿಮ್ಮಪ್ಪ ಬಂದು ನೋಡ್ಕೊಳ್ಳಲಿ, ಅವರಿಲ್ದಾಗ ನೀನು ಎಷ್ಟು ಬೆಳೆದೆ ಅಂತ."

ಅಂದು ಮುದ್ದೆಯನ್ನು ಪೂರ್ತಿ ಉಂಡೆ. ನಾಯಿಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು.

ಅಪ್ಪ ಎಡಗಾಲು ಎಳೆಯುತ್ತಾ ಮನೆಗೆ ಬರುವ ಹೊತ್ತಿಗೆ ಮೂರು ಮಡಿಕೆ ಬಿಚ್ಚಿಯಾಗಿತ್ತು. ಬಾಗಿಲಲ್ಲೇ ನನ್ನನ್ನು ಹೆಸರು ಹಿಡಿದು ಕರೆದರು. ಆದರೂ ನಾನು ಓಡಿಹೋಗಿ ಲಂಗ ತಂದು ತೋರಿಸಿದೆ. ಗೆರೆಗಳ ಕಥೆ ಕೇಳಿ, ಅವುಗಳ ಮೇಲೆ ಬೆರಳಾಡಿಸುತ್ತಾ ಅಪ್ಪ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಯ ಮಡಿಕೆ ಬಿಚ್ಚುವ ದಿನ ಅಪ್ಪನೇ ನನ್ನನ್ನು ಅಂಗಡಿಗೆ ಕರೆದೊಯ್ದರು. ತಾತ ತಮ್ಮ ಸಣ್ಣ ಕತ್ತರಿಯನ್ನು ಅಪ್ಪನ ಕೈಗಿಟ್ಟರು.

"ಮೂರು ನಾನು ಬಿಚ್ಚಿದೆ. ಇದು ನಿಮ್ದು ಕಣ್ರೀ, ನೀವೇ ಬಿಚ್ಚಿ."

ತಾತ ಹೋದ ವರ್ಷ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬಂದ ಅಪ್ಪ ಸ್ನಾನ ಮಾಡಿ, ಬೀರುವಿನಿಂದ ಆ ಲಂಗ ತೆಗೆದು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಕೂತಿದ್ದರು. ನಾಲ್ಕನೆಯ ಗೆರೆಯ ಉದ್ದಕ್ಕೂ ಅಪ್ಪನ ಒರಟು ಕೈಯ ಕತ್ತರಿ ತಾಕಿದ ಸಣ್ಣಸಣ್ಣ ತೂತುಗಳಿವೆ.