ಚರ್ಚಿನ ಮೇಜಿನ ಮೇಲೆ ಬಿಟ್ಟ ಬೂಟು

ಹಳೆಯ ಗೋಡೆ ಕಂಡರೆ ನಮ್ಮಪ್ಪನ ಕೈ ಸುಮ್ಮನಿರುವುದಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ತೀರ್ಪು ಕೊಡಬೇಕು. ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರ್ ಆಗಿದ್ದವರು. ಆರು ತಿಂಗಳಿಗೆಂದು ಅಮೆರಿಕದ ನೋವೈಗೆ ಬಂದವರು ನಮ್ಮ ಮನೆಯ ಗೋಡೆಯನ್ನು ತಟ್ಟಿ ನೋಡಿ, "ಒಳಗೆಲ್ಲ ಪೊಳ್ಳು! ರಟ್ಟಿನ ಡಬ್ಬದಲ್ಲಿ ಸಂಸಾರ ಮಾಡ್ತಿದೀಯಲ್ಲೋ" ಎಂದು ಮರುಗಿದರು. ಕಲ್ಲಿನದೇನಾದರೂ ಇದ್ದರೆ ತೋರಿಸು ಎಂದರು. ಕಲ್ಲಿನದೆಂದರೆ ಇಲ್ಲಿ ಹಳೆಯ ಚರ್ಚುಗಳೇ.

ತೋರಿಸಲು ನನಗೆ ಬೇಕಾದಷ್ಟು ಪುರುಸೊತ್ತಿತ್ತು. ಆರ್ಥಿಕ ಹಿಂಜರಿತದ ಆ ದಿನಗಳಲ್ಲಿ ವಾರೆನ್ ಊರಿನಲ್ಲಿದ್ದ ನನ್ನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಹೆಂಡತಿ ಸುಧಾಳಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. "ಉಳಿದ ರಜೆಯೆಲ್ಲ ತಗೋತಿದೀನಪ್ಪಾ" ಎಂದಿದ್ದೆ. ನೀವೇ ಹೇಳಿ, ಮಗನ ಏಳಿಗೆ ನೋಡಲು ಸಮುದ್ರ ದಾಟಿ ಬಂದವರ ಎದುರು ಯಾವ ಬಾಯಲ್ಲಿ ನಿಜ ಹೇಳುವುದು?

ಹೀಗೆ ಸುಳ್ಳಿನ ಪುಣ್ಯದಿಂದ ತೀರ್ಥಯಾತ್ರೆ ನಡೆಯಿತು. ಡೆಟ್ರಾಯಿಟಿನಲ್ಲಿ ಕಾರ್ಖಾನೆಯ ಕೂಲಿಗಳು ತಮ್ಮ ಸಂಬಳದಲ್ಲೇ ಎಬ್ಬಿಸಿದ, ಈಗ ಅವರ ಮೊಮ್ಮಕ್ಕಳೂ ಬಾರದೆ ಬಿಕೋ ಎನ್ನುವ ಭವ್ಯ ಗೋಪುರಗಳನ್ನು ನೋಡಿದೆವು. ಪಕ್ಕದ ವಿಕ್ಸಮ್ ಊರು ದಾಟಿ ಹತ್ತು ಮೈಲಿ ಹೋದರೆ ಸಿಗುವ ಒಂದು ಪುಟ್ಟ ಚರ್ಚು ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿತು. ಇಂಗ್ಲೆಂಡಿನ ಹಳ್ಳಿಯೊಂದರಿಂದ ಬಂದ ರೈತರು ತಮ್ಮೂರಿನ ಚರ್ಚಿನ ನೆನಪಿನಲ್ಲಿ, ಹೊಲದ ಕಲ್ಲನ್ನೇ ಆಯ್ದು ಕಟ್ಟಿದ್ದಂತೆ. ನಮ್ಮವರು ನೋವೈಯಲ್ಲಿ ಬಾಲಾಜಿಗೆ ಗುಡಿ ಕಟ್ಟಿದ್ದೂ ಇಂಥದೇ ಹಂಬಲದಿಂದಲ್ಲವೇ? ಅಪ್ಪ ಆ ಚರ್ಚನ್ನು ಇನ್ನೊಮ್ಮೆ ನೋಡಬೇಕೆಂದು ಹಟ ಹಿಡಿದರು.

ಅವರು ಹೋಗೋಣವೆಂದ ದಿನವೇ ವಿಕ್ಸಮ್‌ನಲ್ಲಿ ನನಗೆ ಮಧ್ಯಾಹ್ನ ಎರಡಕ್ಕೆ ಇಂಟರ್‌ವ್ಯೂ, ಏಳು ತಿಂಗಳಲ್ಲಿ ಬಂದ ಮೊದಲ ಕರೆ. ಸೂಟು ಯಾಕೆಂದು ಕೇಳಿದ ಅಪ್ಪನಿಗೆ ಮೀಟಿಂಗ್ ಇದೆ ಎಂದು ಇನ್ನೊಂದು ಸುಳ್ಳು ಜೋಡಿಸಿದೆ. ಮೊದಲು ಚರ್ಚು, ಆಮೇಲೆ ಮೀಟಿಂಗ್ ಎಂದು ಹೊರಟೆವು.

ಅಪ್ಪ ಯಾವ ಚರ್ಚಿಗೂ ಬೂಟು ಹಾಕಿಕೊಂಡು ಕಾಲಿಟ್ಟವರಲ್ಲ. "ದೇವರಿರೋ ಜಾಗ ಕಣೋ, ಬಿಚ್ಚು" ಎಂದರು. ಹೊಸ್ತಿಲಲ್ಲಿ ಹಿಮ ಕರಗಿ ಒದ್ದೆಯಾಗಿತ್ತು. ತಮ್ಮ ಕ್ಯಾನ್ವಾಸ್ ಬೂಟನ್ನು ನೆಲದ ಮೇಲೆ ಬಿಟ್ಟು, ಪಾಲಿಶ್ ಮಾಡಿದ ನನ್ನ ಜೋಡಿಯನ್ನು ಪಕ್ಕದ ಮೇಜಿನ ಮೇಲಿದ್ದ ಬೂಟುಗಳ ಸಾಲಿಗೆ ಸೇರಿಸಿದರು. "ನೋಡು, ಇವರಿಗೂ ಪದ್ಧತಿ ಇದೆ. ನೀನೇ ಎಲ್ಲಾ ಮರೆತಿರೋದು" ಎಂದು ಕುಟುಕಿದರು.

ಗೋಡೆ ತಟ್ಟುವ ಶಾಸ್ತ್ರವೆಲ್ಲ ಮುಗಿಸಿ ಹೊರಗೆ ಬಂದರೆ ಮೇಜು ಖಾಲಿ! ರಟ್ಟಿನ ಪೆಟ್ಟಿಗೆಗಳನ್ನು ಕೆಳಗಿನ ಕೋಣೆಗೆ ಸಾಗಿಸುತ್ತಿದ್ದ ಚರ್ಚಿನ ಮುದುಕಿ ಬೂಟಿಲ್ಲದ ನಮ್ಮ ಕಾಲು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅವು ಕೆಲಸ ಕಳೆದುಕೊಂಡವರು ಇಂಟರ್‌ವ್ಯೂಗೆ ಹಾಕಿಕೊಳ್ಳಲೆಂದು ಜನ ದಾನ ಕೊಟ್ಟ ಬೂಟುಗಳಂತೆ; ನನ್ನದೂ ಅದರಲ್ಲಿ ಹೋಗಿಬಿಟ್ಟಿದೆ, ಹುಡುಕಿ ತರುತ್ತೇನೆಂದರು.

ಅಪ್ಪನ ಮುಖ ಅರಳಿತು. "ವಾಪಸ್ ಕೇಳಬೇಡ ಕಣೋ. ಕೆಲಸ ಹೋದೋರ ಕಾಲಿಗೆ ಬಂತು ಅಂದ್ರೆ ಅದಕ್ಕಿಂತ ಪುಣ್ಯ ಇಲ್ಲ. ನಿನಗೇನು, ಸಂಬಳ ಬರತ್ತೆ, ಇನ್ನೊಂದು ತಗೊಂಡ್ರಾಯ್ತು." ಮುದುಕಿಗೆ ಬೇಡವೆಂದು ಕೈಯಾಡಿಸಿದರು.

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ತಣ್ಣನೆಯ ಕಲ್ಲು ಕಾಲ್ಚೀಲದೊಳಗಿಂದ ಕೊರೆಯುತ್ತಿತ್ತು.

"ಅಪ್ಪಾ, ಕೆಲಸ ಹೋದೋರಲ್ಲಿ ನಾನೂ ಒಬ್ಬ. ಏಳು ತಿಂಗಳಾಯ್ತು. ಈಗ ಹೋಗ್ತಿರೋದು ಇಂಟರ್‌ವ್ಯೂಗೆ."

ಅಪ್ಪ ನನ್ನನ್ನು ನೋಡಿದರು. ಮೆಟ್ಟಿಲಿಳಿಯುತ್ತಿದ್ದ ಆ ಹೆಂಗಸಿನ ಹಿಂದೆ ಎರಡು ಹೆಜ್ಜೆ ಓಡಿ, ಅಪರಿಚಿತರೆದುರು ಮಗನ ಬಗ್ಗೆ ಬಡಾಯಿಯನ್ನಷ್ಟೇ ಕೊಚ್ಚಿ ಗೊತ್ತಿದ್ದ ನಮ್ಮಪ್ಪ ಗಟ್ಟಿಯಾಗಿ ಹೇಳಿದರು: "ಮೇಡಂ, ಪ್ಲೀಸ್! ಮೈ ಸನ್ ಹ್ಯಾಸ್ ನೋ ಜಾಬ್. ಹಿ ನೀಡ್ಸ್ ದಿ ಶೂಸ್."

ಏಳು ತಿಂಗಳು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ಅಳು ಬಂತು, ಅತ್ತುಬಿಟ್ಟೆ.

ಬೂಟು ಬಂತು. ಲೇಸು ಕಟ್ಟಲು ಬಗ್ಗಿದ ನನ್ನ ಹೆಗಲ ಮೇಲೆ ಅಪ್ಪ ಕೈಯಿಟ್ಟರು. "ನಾನಿಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ. ಗಾಬರಿಯಾಗಬೇಡ, ನಿಧಾನವಾಗಿ ಮಾತಾಡ್ಕೊಂಡು ಬಾ. ಕೆಲಸ ಸಿಗಲಿ, ಬಿಡಲಿ, ನೇರ ಬಂದು ನನಗೆ ಹೇಳು."